ನೀರು ಮೊದಲು ಹಿಂದಕ್ಕೆ ಸರಿಯುತ್ತದೆ

2021ರ ಮಾರ್ಚ್ ಕೊನೆಯ ವಾರ ಆ ಫೋಟೋ ನಿಮಗೂ ಬಂದಿರುತ್ತದೆ. ಈಜಿಪ್ಟ್‌ನ ಸೂಯೆಜ್ ಕಾಲುವೆಯಲ್ಲಿ ಎವರ್ ಗಿವನ್ ಅನ್ನುವ ಕಂಟೇನರ್ ಹಡಗು ಅಡ್ಡ ಸಿಕ್ಕಿಕೊಂಡಾಗಿನದು. ಕೋಟೆಗೋಡೆಯ ಹಾಗೆ ನಿಂತ ಹಡಗಿನ ಮೂತಿ. ಅದರ ಬುಡದಲ್ಲಿ ಮಣ್ಣು ಅಗೆಯುತ್ತಿರುವ ಒಂದು ಪುಟ್ಟ ಯಂತ್ರ. ಕೆಳಗೆ ಯಾರೋ ಬರೆದ ನಗೆಮಾತು. ನಾನೂ ನಕ್ಕೆ. ನಕ್ಕು, ಸರಕು ಹಡಗಿನಲ್ಲಿ ಸೆಕೆಂಡ್ ಆಫೀಸರ್ ಆಗಿರುವ ಗೆಳೆಯನಿಗೆ ಕಳಿಸಿದೆ. ಅವನು ಆಗ ಯಾವುದೋ ಸಮುದ್ರದ ನಡುವೆ ಇದ್ದ. ಎರಡು ದಿನ ಉತ್ತರವೇ ಇಲ್ಲ. ಮೂರನೇ ದಿನ ಇಷ್ಟೇ ಬಂತು: "ಆ ಹಡಗಲ್ಲಿ ಇಪ್ಪತ್ತೈದು ಜನ ಇದ್ದಾರೆ. ಎಲ್ಲ ನಮ್ಮ ದೇಶದವರೇ. ಅವರಿಗೆ ಯಾರಿಗೂ ಈಗ ನಿದ್ದೆ ಬರ್ತಿರಲ್ಲ ಕಣೋ."

ಬೈದಿದ್ದರೆ ಮರೆತುಬಿಡುತ್ತಿದ್ದೆ. ಅವನು ಬೈಯಲಿಲ್ಲ. ಅದಕ್ಕೇ ಇರಬೇಕು, ಆ ಮಾತು ಒಳಗೇ ಉಳಿಯಿತು. ಆರು ದಿನ ಇಡೀ ಜಗತ್ತು ಎವರ್ ಗಿವನ್ ಹಡಗನ್ನು ನೋಡಿತು. ಒಳಗಿರುವ ಜನರನ್ನು ಎಷ್ಟು ಜನ ನೋಡಿದರು? ನಾನಂತೂ ನೋಡಿರಲಿಲ್ಲ. ಇಷ್ಟು ನೇರವಾದ ಕಾಲುವೆಯಲ್ಲಿ ಒಂದು ಹಡಗು ಅಡ್ಡ ತಿರುಗುತ್ತದೆ ಅಂದರೆ ಯಾರೋ ದೊಡ್ಡ ತಪ್ಪು ಮಾಡಿರಬೇಕು ಅಂತ ಸುಮ್ನೆ ಅಂದುಕೊಂಡಿದ್ದೆ. ರಸ್ತೆಯಲ್ಲಿ ಲಾರಿ ಅಡ್ಡ ನಿಂತರೆ ಡ್ರೈವರನ್ನು ಬೈಯುವ ಹಾಗೆ. ಆದರೆ ಕಾಲುವೆ ರಸ್ತೆಯಲ್ಲ. ಅದನ್ನು ನಾನು ಎರಡು ವರ್ಷ ಮುಂಚೆಯೇ ಕಣ್ಣಾರೆ ಕಂಡಿದ್ದೆ. ಕಂಡದ್ದು ಏನು ಅನ್ನುವುದು ಮಾತ್ರ ಆಗ ಗೊತ್ತಾಗಿರಲಿಲ್ಲ.

ಕಲ್ಲು ಕಂಡ ಮಧ್ಯಾಹ್ನ

2019ರಲ್ಲಿ ಜರ್ಮನಿಯ ರೆಂಡ್ಸ್‌ಬುರ್ಗ್ ಊರಿಗೆ ಹೋಗಿದ್ದೆ. ಕೀಲ್ ಕಾಲುವೆ ಆ ಊರನ್ನು ಹಾದು ಹೋಗುತ್ತದೆ. ಹೆಸರು ಕೇಳಿದರೆ ಸೂಯೆಜ್, ಪನಾಮಾಗಳೇ ದೊಡ್ಡವು. ಆದರೆ ಓಡಾಡುವ ಹಡಗುಗಳನ್ನು ಎಣಿಸಿದರೆ ಕೀಲ್ ಅವೆರಡಕ್ಕಿಂತ ಮುಂದೆ. ಉತ್ತರ ಸಮುದ್ರದಿಂದ ಬಾಲ್ಟಿಕ್ ಸಮುದ್ರಕ್ಕೆ 98 ಕಿಲೋಮೀಟರ್ ದಾರಿ. 1895ರಲ್ಲಿ ತೆರೆದದ್ದು. ಡೆನ್ಮಾರ್ಕನ್ನು ಸುತ್ತುವ ಸುಮಾರು 460 ಕಿಲೋಮೀಟರ್ ಉಳಿಯುತ್ತದೆ. ರೆಂಡ್ಸ್‌ಬುರ್ಗ್‌ನಲ್ಲಿ ದಂಡೆಯ ಉದ್ದಕ್ಕೂ 500 ಮೀಟರ್‌ಗಿಂತ ಉದ್ದದ ಒಂದೇ ಬೆಂಚ್ ಹಾಕಿದ್ದಾರೆ. ಕೂತು ಹಡಗು ನೋಡುವುದಕ್ಕೆ. ನಾನೂ ಹೋಗಿ ಕೂತೆ.

ಕೆಳಗೆ ದಂಡೆಗೆ ಕಲ್ಲು ಹಾಸಿದ್ದರು. ಐದಾರು ವರ್ಷದ ಹುಡುಗ ನೀರಿಗೆ ಒಂದು ಹೆಜ್ಜೆ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ಕಡ್ಡಿಯಿಂದ ಏನೋ ಕೆದಕುತ್ತಿದ್ದ. ಕಾಲಿಗೆ ಕೆಂಪು ರಬ್ಬರ್ ಬೂಟು. ತಿರುವಿನಲ್ಲಿ ಒಂದು ಹಡಗು ಕಾಣಿಸಿತು. ಇನ್ನೂ ದೂರ ಇತ್ತು, ಸದ್ದೂ ಇಲ್ಲ. ಅಷ್ಟರಲ್ಲೇ ಅವನ ಅಮ್ಮ ಎದ್ದು ಇಳಿದು ಹೋಗಿ, ತೋಳು ಹಿಡಿದು ಮೇಲಕ್ಕೆ ಕರೆತಂದಳು. ಹುಡುಗ ಹಟ ಮಾಡಿದ. ಇಷ್ಟು ನಿಧಾನ ಬರುವ ಹಡಗಿಗೆ ಇವಳು ಇಷ್ಟೊಂದು ಹೆದರುವುದು ಯಾಕೆ ಅನ್ನಿಸಿತು ನನಗೆ. ಕೀಲ್‌ನಲ್ಲಿ ವೇಗದ ಮಿತಿ ಗಂಟೆಗೆ 15 ಕಿಲೋಮೀಟರ್. ತೀರಾ ದೊಡ್ಡ ಹಡಗುಗಳಿಗೆ 12. ಸೈಕಲ್ಲಿನ ವೇಗ.

ಹಡಗು ನಮ್ಮ ಹತ್ತಿರ ಬಂತು. ಆಗ ನಡೆದದ್ದು ನಾನು ಎಣಿಸಿದ್ದಕ್ಕೆ ತಿರುಗುಮುರುಗು. ಅಲೆ ಬರಲಿಲ್ಲ. ನೀರು ಹೋಯಿತು. ದಂಡೆಯ ನೀರು ಬಚ್ಚಲಿನ ಬಾಯಿ ತೆರೆದ ಹಾಗೆ ಕೆಳಕ್ಕೆ ಇಳಿಯತೊಡಗಿತು. ಪಾಚಿ ಹಿಡಿದ ಕಪ್ಪು ಕಲ್ಲುಗಳು ಒಂದೊಂದಾಗಿ ಮೇಲೆ ಬಂದವು. ಹುಡುಗ ಕೂತಿದ್ದ ಜಾಗದ ಮುಂದೆ ಒಂದಿಷ್ಟು ನೆಲ ಬರಿದಾಗಿ ಹೊಳೆಯುತ್ತಿತ್ತು. ನೀರು ದಂಡೆಗೆ ಸಮಾನಾಂತರವಾಗಿ ಹಿಂದಕ್ಕೆ, ಹಡಗಿಗೆ ಎದುರು ದಿಕ್ಕಿನಲ್ಲಿ ಹರಿಯುತ್ತಿತ್ತು. ಹಡಗಿನ ಹಿಂಭಾಗ ದಾಟಿದ ಕೂಡಲೇ ಹೋದ ನೀರೆಲ್ಲ ಒಟ್ಟಿಗೆ ವಾಪಸ್ ಬಂತು. ಕಲ್ಲುಗಳ ಮೇಲೆ ಹತ್ತಿ, ಹುಡುಗ ಕೂತಿದ್ದ ಜಾಗವನ್ನೂ ದಾಟಿ, ಅವನ ಕಡ್ಡಿಯನ್ನು ಎತ್ತಿಕೊಂಡು ಹೋಯಿತು. ಅಮ್ಮ ಆ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗೆ ಗೊತ್ತಿತ್ತು.

ಹಡಗು ಕೂರುತ್ತದೆ

ಆ ಕಲ್ಲುಗಳ ಅರ್ಥ ನನಗೆ ಹೊಳೆದದ್ದು ಗೆಳೆಯನ ಉತ್ತರ ಬಂದ ಮೇಲೆ, ಕೂತು ಓದಿದಾಗ. ಹಡಗು ಒಂದು ಹೆಜ್ಜೆ ಮುಂದೆ ಹೋಗಬೇಕಾದರೆ ಅದರ ಮುಂದಿರುವ ನೀರು ಹಿಂದಕ್ಕೆ ಬರಲೇಬೇಕು. ಸಮುದ್ರದಲ್ಲಿ ಅದಕ್ಕೆ ಬೇಕಾದಷ್ಟು ಜಾಗ ಇದೆ. ಕಾಲುವೆಯಲ್ಲಿ ಇರುವುದು ಹಡಗಿನ ಹೊಟ್ಟೆಗೂ ದಂಡೆಗೂ ನಡುವಿನ ಸಂದು, ಮತ್ತೆ ತಳಕ್ಕೂ ನೆಲಕ್ಕೂ ನಡುವಿನ ಸಂದು. ಅಷ್ಟೇ. ಕೀಲ್ ಕಾಲುವೆಯನ್ನೇ ನೋಡಿ. ಅಗಲ ಮಾಡಿದ ಭಾಗದಲ್ಲಿ ನೀರಿನ ಮೇಲ್ಮೈ 162 ಮೀಟರ್, ತಳ 90 ಮೀಟರ್, ಆಳ 11 ಮೀಟರ್. ಬಾಣಲೆಯ ಹಾಗೆ ಕೆಳಗೆ ಹೋದಷ್ಟೂ ಕಿರಿದು. ಪೂರ್ವದ ಹಳೇ ಭಾಗದಲ್ಲಿ ತಳದ ಅಗಲ 44 ಮೀಟರ್ ಮಾತ್ರ ಇತ್ತು. ಅದರಲ್ಲಿ 30 ಮೀಟರ್ ಅಗಲದ ಹಡಗು ಬಂದರೆ ನೀರು ಎಲ್ಲಿಗೆ ಹೋಗಬೇಕು ಹೇಳಿ? ಸಂದಿಯಲ್ಲಿ ನುಗ್ಗಿ ಹಿಂದಕ್ಕೆ ಓಡುತ್ತದೆ. ಓಡುವ ನೀರಿನ ಒತ್ತಡ ಕಮ್ಮಿಯಾಗುತ್ತದೆ, ಮಟ್ಟ ಇಳಿಯುತ್ತದೆ. ನೀರಿನ ಜೊತೆ ಹಡಗೂ ಇಳಿಯುತ್ತದೆ.

ಇದನ್ನು ಹಡಗಿನವರು ಸ್ಕ್ವಾಟ್ ಅನ್ನುತ್ತಾರೆ. ಆ ಹುಡುಗ ಕೂತ ಹಾಗೆ, ಹಡಗು ಕುಕ್ಕರಗಾಲಲ್ಲಿ ಕೂರುತ್ತದೆ. ನಿಂತಾಗ ತಳದ ಕೆಳಗೆ ಇರುವಷ್ಟು ನೀರು ಓಡುವಾಗ ಇರುವುದಿಲ್ಲ. ವೇಗ ಎರಡು ಪಟ್ಟಾದರೆ ಈ ಕೂರುವಿಕೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಇನ್ನೂ ಭಯ ಹುಟ್ಟಿಸುವುದು ದಂಡೆಯ ಎಳೆತ. ಹಡಗು ಒಂದು ದಂಡೆಗೆ ಸ್ವಲ್ಪ ವಾಲಿತು ಅಂದುಕೊಳ್ಳಿ. ಆ ಕಡೆಯ ಸಂದು ಕಿರಿದಾಯಿತು, ನೀರು ಇನ್ನೂ ಜೋರಾಗಿ ಓಡಿತು, ಒತ್ತಡ ಇನ್ನೂ ಬಿದ್ದಿತು. ಹಡಗಿನ ಹಿಂಭಾಗವನ್ನು ದಂಡೆ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅದೇ ಹೊತ್ತಿಗೆ ಮೂತಿಯ ಮುಂದೆ ಒತ್ತಿಕೊಂಡ ನೀರು ಮೂತಿಯನ್ನು ಆಚೆಗೆ ತಳ್ಳುತ್ತದೆ. ಬಾಲ ಈ ದಂಡೆಗೆ, ಮೂತಿ ಆ ದಂಡೆಗೆ. ಹಡಗು ಅಡ್ಡ ತಿರುಗುತ್ತದೆ. ಯಾರೂ ಚುಕ್ಕಾಣಿ ತಪ್ಪು ತಿರುಗಿಸಬೇಕಾಗಿಲ್ಲ.

ಎವರ್ ಗಿವನ್ ಫೋಟೋ ನೆನಪಿಸಿಕೊಳ್ಳಿ. ಮೂತಿ ಪೂರ್ವದ ದಂಡೆಯಲ್ಲಿ ಹೂತಿತ್ತು, ಹಿಂಭಾಗ ಪಶ್ಚಿಮದ ದಂಡೆಗೆ ತಾಗಿತ್ತು.

"ನಿಧಾನ ಹೋಗಬಹುದಿತ್ತಲ್ವಾ?"

ಏಪ್ರಿಲ್‌ನಲ್ಲಿ ಗೆಳೆಯ ಯಾವುದೋ ಬಂದರಿನಿಂದ ಫೋನ್ ಮಾಡಿದ. ಮೊದಲು ನಾನು ಆ ಫೋಟೋ ಕಳಿಸಿದ್ದಕ್ಕೆ ಕ್ಷಮೆ ಕೇಳಿದೆ. ಅವನು "ಬಿಡು" ಅಂದ. ಆಮೇಲೆ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. ಅಷ್ಟೊಂದು ಗಾಳಿ ಇತ್ತಂತೆ, ಮರಳು ಎದ್ದಿತ್ತಂತೆ. ನಿಧಾನ ಹೋಗಬಹುದಿತ್ತಲ್ವಾ?

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಬಕೆಟ್ ನೀರಲ್ಲಿ ಕೈ ಅಡ್ಡ ಹಿಡಿ. ನೀರು ನಿಂತಿದ್ರೆ ಕೈಗೆ ಏನೂ ಗೊತ್ತಾಗಲ್ಲ. ಚುಕ್ಕಾಣಿನೂ ಹಂಗೇ. ಅದರ ಮೇಲೆ ನೀರು ಹರಿದ್ರೆ ಮಾತ್ರ ಹಡಗು ತಿರುಗುತ್ತೆ. ನಿಧಾನ ಮಾಡಿದ್ರೆ ಚುಕ್ಕಾಣಿ ಸತ್ತುಹೋಗುತ್ತೆ. ಗಾಳಿ ಮಾತ್ರ ಸಾಯಲ್ಲ."

ಆ ಮಾತು ಕೇಳಿದ ಮೇಲೆ ಮಾರ್ಚ್ 23ರ ಬೆಳಗು ನನಗೆ ಬೇರೆ ಥರ ಕಾಣತೊಡಗಿತು. 400 ಮೀಟರ್ ಉದ್ದದ ಹಡಗು. ಮೇಲೆ ಸುಮಾರು 18,300 ಕಂಟೇನರ್. ಒಂದರ ಮೇಲೊಂದು ಪೇರಿಸಿದ ಆ ಪೆಟ್ಟಿಗೆಗಳ ಗೋಡೆಗೆ ಪಕ್ಕದಿಂದ ಗಾಳಿ ಬಡಿಯುತ್ತಿದೆ. ಅಷ್ಟು ದೊಡ್ಡ ಹಾಯಿಯನ್ನು ಯಾವ ಹಾಯಿಹಡಗೂ ಕಂಡಿಲ್ಲ, ಮತ್ತೆ ಈ ಹಾಯಿಯನ್ನು ಮಡಚಿಡುವ ಹಾಗಿಲ್ಲ. ಗಾಳಿಗೆ ಜಗ್ಗದೆ ನೇರ ಹೋಗಬೇಕಾದರೆ ಚುಕ್ಕಾಣಿಗೆ ಬಲ ಬೇಕು, ಬಲ ಬೇಕಾದರೆ ವೇಗ ಬೇಕು. ಕಾಲುವೆಯ ಮಿತಿ ಎಂಟು ಎಂಟೂವರೆ ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಇರುವಲ್ಲಿ ಹಡಗು 13 ನಾಟ್ ಹತ್ತಿರ ಹೋಯಿತು. ಆದರೆ ವೇಗ ಜಾಸ್ತಿಯಾದಷ್ಟೂ ಹಡಗು ಕೂರುತ್ತದೆ, ದಂಡೆ ಎಳೆಯುತ್ತದೆ. ನಿಧಾನಕ್ಕೆ ಹೋದರೆ ಗಾಳಿಯ ಕೈಗೆ, ಜೋರಾಗಿ ಹೋದರೆ ನೀರಿನ ಕೈಗೆ. ಅತ್ತ ದರಿ, ಇತ್ತ ಪುಲಿ ಅನ್ನುವ ಮಾತು ಇಂಥ ಜಾಗದಿಂದಲೇ ಹುಟ್ಟಿರಬೇಕು. ಅಷ್ಟು ವೇಗ ಸರಿ ಅಂತ ನಾನು ಹೇಳುತ್ತಿಲ್ಲ. ಆ ಗಾಳಿಗೆ ಕಾಲುವೆ ಒಳಗೆ ಹೋಗಬೇಕಿತ್ತೋ ಬೇಡವೋ ಅನ್ನುವ ಪ್ರಶ್ನೆ ಅದಕ್ಕೂ ಮೊದಲಿನದು. ಆದರೆ ಒಳಗೆ ಹೋದ ಮೇಲೆ ಆ ಬ್ರಿಡ್ಜ್ ಮೇಲೆ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ನಿಂತವರಿಗೆ ಇದ್ದ ದಾರಿ ಎಷ್ಟು ಸಪೂರ ಅನ್ನುವುದು ಗೊತ್ತಾದ ಮೇಲೆ ನಗು ಬರುವುದಿಲ್ಲ.

"ಹಡಗಿಗೆ ನೆಲದ ವಾಸನೆ ಬರುತ್ತೆ ಅಂತೀವಿ ನಾವು," ಅಂದ ಗೆಳೆಯ. "ತಳ ಹತ್ತಿರ ಆದ್ರೆ ಹಡಗು ಮಾತು ಕೇಳಲ್ಲ. ಎಡಕ್ಕೆ ಅಂದ್ರೆ ಯೋಚನೆ ಮಾಡುತ್ತೆ. ಆ ಒಂದು ಕ್ಷಣ ಇದೆಯಲ್ಲ, ಅದು ಅಂಗಾಲಿಗೆ ಗೊತ್ತಾಗುತ್ತೆ. ಇಡೀ ಹಡಗು ಸಣ್ಣಗೆ ನಡುಗುತ್ತೆ."

ಈ ನೀರಿನ ಜೊತೆ ಬಾಳುವುದನ್ನು ಕಲಿತವರೂ ಇದ್ದಾರೆ. ಅಮೆರಿಕದ ಹ್ಯೂಸ್ಟನ್ ಹಡಗು ಕಾಲುವೆ ಬಹಳ ವರ್ಷ ಸುಮಾರು 160 ಮೀಟರ್ ಅಗಲವಷ್ಟೇ ಇತ್ತು. ಅಲ್ಲಿ ಎರಡು ದೊಡ್ಡ ಹಡಗುಗಳು ಎದುರುಬದುರಾದರೆ ಪೈಲಟ್‌ಗಳು, ಅಂದರೆ ಹಡಗು ಹತ್ತಿ ದಾರಿ ತೋರಿಸುವ ಅಲ್ಲಿನ ನಾವಿಕರು, ಮೊದಲೇ ಪಕ್ಕಕ್ಕೆ ಸರಿಯುವುದಿಲ್ಲ. ಸರಿದರೆ ದಂಡೆ ಎಳೆಯುತ್ತದೆ. ಅದಕ್ಕೆ ನಟ್ಟನಡುವೆ, ಒಂದರ ಮೂತಿಗೆ ಇನ್ನೊಂದರ ಮೂತಿ ನೇರ ಬರುವ ಹಾಗೆ ಓಡಿಸುತ್ತಾರೆ. ಇನ್ನೇನು ಹತ್ತಿರ ಬಂತು ಅನ್ನುವಾಗ ಇಬ್ಬರೂ ತಂತಮ್ಮ ಬಲಕ್ಕೆ ತಿರುಗಿಸುತ್ತಾರೆ. ಎರಡೂ ಮೂತಿಗಳ ಮುಂದಿನ ನೀರು ಒಂದನ್ನೊಂದು ತಳ್ಳುತ್ತದೆ, ಹಡಗುಗಳು ಪಕ್ಕಪಕ್ಕ ಜಾರಿ ಹೋಗುತ್ತವೆ. ಟೆಕ್ಸಸ್ ಚಿಕನ್ ಅಂತ ಅದಕ್ಕೆ ಹೆಸರು. ಹೆಸರು ಕೇಳಿದರೆ ಹುಡುಗಾಟಿಕೆ ಅನ್ನಿಸುತ್ತದೆ. ಅಲ್ಲಿನ ಪೈಲಟ್‌ಗಳಿಗೆ ಅದು ದಿನನಿತ್ಯದ ಕೆಲಸ. ಆದರೆ ಹಡಗು ದಾಟಿದ ಮೇಲೂ ನೀರು ಸುಮ್ಮನಾಗುವುದಿಲ್ಲ. 2015ರ ಮಾರ್ಚ್ 9ರಂದು ಅಲ್ಲಿ ಮಂಜು ಕವಿದಿತ್ತು. ಕಾಂಟಿ ಪೆರಿಡಾಟ್ ಅನ್ನುವ ಹಡಗು ಎದುರು ಬಂದ ಒಂದು ಹಡಗನ್ನು ಸರಿಯಾಗಿಯೇ ದಾಟಿತು. ಆಮೇಲೆ ನೀರಿನ ಎಳೆತಕ್ಕೆ ಸಿಕ್ಕಿ ಅತ್ತಿತ್ತ ಹೊಯ್ದಾಡಿತು. ಹಿಡಿತಕ್ಕೆ ಬರುವ ಮುಂಚೆಯೇ ಎದುರಿಗೆ ಬಂದ ಕಾರ್ಲಾ ಮರ್ಸ್ಕ್ ಟ್ಯಾಂಕರ್‌ಗೆ ಗುದ್ದಿತು. ಟ್ಯಾಂಕರ್‌ನಲ್ಲಿದ್ದ ರಾಸಾಯನಿಕ ಕಾಲುವೆಗೆ ಹರಿಯಿತು.

ಯಾರ ತಪ್ಪು

ಎವರ್ ಗಿವನ್ ಸಿಕ್ಕಿಕೊಂಡ ಆ ದಿನಗಳಲ್ಲೇ ಇನ್ನೊಂದು ಕೆಟ್ಟ ಕೆಲಸ ನಡೆಯಿತು. ನನ್ನ ಫಾರ್ವರ್ಡ್‌ಗಿಂತ ಎಷ್ಟೋ ಕೆಟ್ಟದ್ದು. ಮರ್ವಾ ಎಲ್‌ಸೆಲೆಹದಾರ್ ಈಜಿಪ್ಟ್‌ನ ಮೊದಲ ಮಹಿಳಾ ಹಡಗು ಕ್ಯಾಪ್ಟನ್. ಅಪಘಾತಕ್ಕೆ ಅವರೇ ಕಾರಣ ಅಂತ ಯಾರೋ ಒಂದು ಸುಳ್ಳು ಸುದ್ದಿ ಹುಟ್ಟಿಸಿದರು. ಪತ್ರಿಕೆಯ ಸುದ್ದಿಯ ಹಾಗೆ ಕಾಣುವ ಚಿತ್ರವನ್ನೂ ಮಾಡಿದರು. ಅವರು ಆ ಹೊತ್ತಿಗೆ ನೂರಾರು ಕಿಲೋಮೀಟರ್ ದೂರದ ಅಲೆಕ್ಸಾಂಡ್ರಿಯಾದಲ್ಲಿ, ಬೇರೆ ಹಡಗಿನಲ್ಲಿ ಕೆಲಸ ಮಾಡುತ್ತಿದ್ದರು. ಎವರ್ ಗಿವನ್‌ಗೂ ಅವರಿಗೂ ಏನೇನೂ ಸಂಬಂಧವಿಲ್ಲ. ಆದರೂ ಸಾವಿರಾರು ಜನ ನಂಬಿದರು. ನೀರು ಹೇಗೆ ಎಳೆಯುತ್ತದೆ ಅಂತ ತಿಳಿದುಕೊಳ್ಳುವುದಕ್ಕಿಂತ ಒಂದು ಮುಖ ಸಿಕ್ಕರೆ ಸುಲಭ. ಅದರಲ್ಲೂ ಹೆಣ್ಣಿನ ಮುಖ ಸಿಕ್ಕರೆ ಇನ್ನೂ ಸುಲಭ. ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಹೊಣೆ ಯಾರದು ಅನ್ನುವುದು ಹಡಗಿನ ಒಳಗೂ ಸರಳ ಅಲ್ಲ. ಸೂಯೆಜ್‌ನಲ್ಲಿ ಕಾಲುವೆಯವರ ಪೈಲಟ್ ಹಡಗು ಹತ್ತುತ್ತಾರೆ. ಎಷ್ಟು ವೇಗ, ಯಾವ ಕಡೆಗೆ ತಿರುಗಿಸಬೇಕು ಅಂತ ಹೇಳುವವರು ಅವರು. ಆದರೆ ಕಾನೂನಿನ ಲೆಕ್ಕದಲ್ಲಿ ಅದು ಸಲಹೆ ಮಾತ್ರ. ಏನೇ ಆದರೂ ಹೊಣೆ ಕ್ಯಾಪ್ಟನ್‌ದೇ. ಪನಾಮಾದಲ್ಲಿ ಇದು ಬೇರೆ. ಅಲ್ಲಿ ಹಡಗನ್ನು ನಡೆಸುವ ಪೂರ್ತಿ ಅಧಿಕಾರ ಪೈಲಟ್‌ಗೆ ಹೋಗುತ್ತದೆ. ಕೀಲ್‌ನಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಏರ್ಪಾಡಿದೆ. ದೊಡ್ಡ ಹಡಗುಗಳಿಗೆ ಪೈಲಟ್ ಜೊತೆಗೆ ಕಾಲುವೆಯ ಚುಕ್ಕಾಣಿಗರೂ ಹತ್ತುತ್ತಾರೆ. ಬರೀ ಹೇಳುವುದಕ್ಕಲ್ಲ, ಚುಕ್ಕಾಣಿಯನ್ನು ತಾವೇ ಹಿಡಿಯುವುದಕ್ಕೆ. ಈ ತಿರುವಿನಲ್ಲಿ ದಂಡೆ ಎಷ್ಟು ಎಳೆಯುತ್ತದೆ, ಎದುರು ಹಡಗು ದಾಟುವಾಗ ಯಾವ ಗಳಿಗೆಯಲ್ಲಿ ಎಷ್ಟು ಕೊಡಬೇಕು ಅನ್ನುವುದು ಅವರ ಕೈಗೆ ಗೊತ್ತು. ವರ್ಷಕ್ಕೆ ಒಂದೆರಡು ಸಲ ಬರುವ ನಾವಿಕನಿಗೆ ಅದು ಗೊತ್ತಿರಲಿ ಅಂತ ಬಯಸುವುದೇ ತಪ್ಪು. ಇದನ್ನು ಗೆಳೆಯನಿಗೆ ಹೇಳಿದರೆ, "ಎಲ್ಲಾ ಕಡೆ ಹಂಗೇ ಇದ್ದಿದ್ರೆ ಚೆನ್ನಾಗಿತ್ತು" ಅಂದ. ಸೂಯೆಜ್‌ನಲ್ಲಿ ಚುಕ್ಕಾಣಿ ಹಡಗಿನವರ ಕೈಯಲ್ಲೇ ಇರುತ್ತದೆ. ಪೈಲಟ್ ಟಗ್‌ನವರ (ದೊಡ್ಡ ಹಡಗನ್ನು ಎಳೆಯುವ ದೋಣಿಯವರ) ಜೊತೆ ತಮ್ಮ ಭಾಷೆಯಲ್ಲಿ ಮಾತಾಡುತ್ತಿರುತ್ತಾರೆ. ಒಂದು ಪದವೂ ಅರ್ಥವಾಗದೆ, ದನಿ ಏರಿತೋ ಇಳಿಯಿತೋ ಅನ್ನುವುದರ ಮೇಲೆಯೇ ಏನಾಗುತ್ತಿದೆ ಅಂತ ಊಹಿಸಿದ್ದು ಇದೆ ಅಂದ.

ಕೀಲ್‌ನಲ್ಲೂ ಅಪಘಾತ ನಿಂತಿಲ್ಲ. 2018ರ ಫೆಬ್ರವರಿಯಲ್ಲಿ ಅಕಾಸಿಯಾ ಅನ್ನುವ ಕಂಟೇನರ್ ಹಡಗು ಹೋಲ್ಟೆನೌ ಜಲಬಂಧದ (ನೀರಿನ ಮಟ್ಟ ಹೊಂದಿಸುವ, ಗೇಟುಗಳಿರುವ ತೊಟ್ಟಿ) ಒಳಗೆ ನಿಲ್ಲದೆ ಗೇಟಿಗೇ ನುಗ್ಗಿತು. 2022ರ ನವೆಂಬರ್ 30ರಂದು ಮೆರಿ ಹಡಗಿನ ಮೇಲೆ ಹೇರಿದ್ದ ಕ್ರೇನ್ ಅಲ್ಲಿನ ಎತ್ತರದ ಸೇತುವೆಗಳಿಗೆ ಬಡಿಯಿತು. ರಸ್ತೆಯೂ ಬಂದ್, ಕಾಲುವೆಯೂ ಬಂದ್.

ನೂರು ದಿನ

ಮಾರ್ಚ್ 28ರಂದು ಹುಣ್ಣಿಮೆ. ಉಬ್ಬರ ಜಾಸ್ತಿ. ಮಾರನೇ ದಿನ ಟಗ್‌ಗಳು ಎಳೆದು, ಸುಮಾರು 30,000 ಘನ ಮೀಟರ್ ಮರಳು ತೆಗೆದ ಮೇಲೆ ಎವರ್ ಗಿವನ್ ತೇಲಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸುದ್ದಿ ಮುಗಿಯಿತು. ಕಾಯುತ್ತಿದ್ದ ನಾನೂರಷ್ಟು ಹಡಗುಗಳು ಮೆಲ್ಲಗೆ ಸಾಗಿದವು.

ಎವರ್ ಗಿವನ್ ಸಾಗಲಿಲ್ಲ. ಅದನ್ನು ಕಾಲುವೆಯ ನಡುವಿನ ಗ್ರೇಟ್ ಬಿಟರ್ ಸರೋವರಕ್ಕೆ ಒಯ್ದು ಲಂಗರು ಹಾಕಿಸಿದರು. ಕಾಲುವೆ ಪ್ರಾಧಿಕಾರ ಮೊದಲು ಕೇಳಿದ ಪರಿಹಾರ 91.6 ಕೋಟಿ ಡಾಲರ್. ಮಾತುಕತೆ ನಡೆಯಿತು, ಮೊತ್ತ ಇಳಿಯಿತು, ವಕೀಲರು ಓಡಾಡಿದರು. ಹಡಗು ಬಿಡುಗಡೆಯಾದದ್ದು ಜುಲೈ 7ಕ್ಕೆ. ಲೆಕ್ಕ ಹಾಕಿದೆ. ತೇಲಿದ ದಿನದಿಂದ ಸರಿಯಾಗಿ ನೂರು ದಿನ. ಕೆಲವರನ್ನು ಮಾತ್ರ ನಡುವೆ ಮನೆಗೆ ಕಳಿಸಿದರು. ಉಳಿದವರು ಅಲ್ಲೇ. ನನಗೆ ಆ ನೂರು ದಿನಗಳ ಒಂದು ಫೋಟೋವೂ ಯಾರಿಂದಲೂ ಬರಲಿಲ್ಲ.

ಅದೇ ಸರೋವರದಲ್ಲಿ ಹಿಂದೆ ಹದಿನಾಲ್ಕು ಹಡಗುಗಳು ಎಂಟು ವರ್ಷ ಸಿಕ್ಕಿಕೊಂಡಿದ್ದವು. 1967ರ ಯುದ್ಧದಲ್ಲಿ ಕಾಲುವೆ ಮುಚ್ಚಿತು, ತೆರೆದದ್ದು 1975ರಲ್ಲಿ. ಮರುಭೂಮಿಯ ಮರಳು ಕೂತು ಹಡಗುಗಳು ಹಳದಿಯಾದವು, ಅದಕ್ಕೆ ಹಳದಿ ಪಡೆ ಅಂತಲೇ ಹೆಸರು ಬಂತು. ಆ ನಾವಿಕರು ತಮ್ಮದೇ ಅಂಚೆಚೀಟಿ ಮಾಡಿಕೊಂಡರು, 1968ರಲ್ಲಿ ತಮ್ಮದೇ ಒಲಿಂಪಿಕ್ಸ್ ನಡೆಸಿದರು. ಇದನ್ನು ಓದುವಾಗೆಲ್ಲ ಎವರ್ ಗಿವನ್‌ನ ಡೆಕ್ ಕಣ್ಣ ಮುಂದೆ ಬರುತ್ತದೆ. ಎರಡೂ ಕಡೆ ನೆಲ ಕಾಣುತ್ತದೆ. ಪಕ್ಕದಲ್ಲೇ ಬೇರೆ ಹಡಗುಗಳು ದಿನವೂ ಹಾದುಹೋಗುತ್ತವೆ. ಇಳಿಯುವ ಹಾಗಿಲ್ಲ.

ಸೇತುವೆಯ ಕೆಳಗಿನ ಖಾಲಿ ಜಾಗ

ಮತ್ತೆ ರೆಂಡ್ಸ್‌ಬುರ್ಗ್‌ಗೆ. ಅಲ್ಲಿನ ರೈಲು ಸೇತುವೆ ನೀರಿನಿಂದ 42 ಮೀಟರ್ ಎತ್ತರ. 1913ರಲ್ಲಿ ಮುಗಿದದ್ದು. ಅದರ ಅಡಿಯಲ್ಲಿ ಹಗ್ಗಗಳಿಂದ ಒಂದು ತೊಟ್ಟಿಲು ತೂಗುಬಿಟ್ಟು, ಜನರನ್ನೂ ಕಾರುಗಳನ್ನೂ ಈ ದಂಡೆಯಿಂದ ಆ ದಂಡೆಗೆ ದಾಟಿಸುತ್ತಿದ್ದರು. ನೀರನ್ನು ಮುಟ್ಟದೆ, ಅದರ ಸ್ವಲ್ಪ ಮೇಲೆ ತೇಲಿ ಹೋಗುವ ದೋಣಿ ಅದು. ನಾನು ಹೋದಾಗ ಅದು ಇರಲಿಲ್ಲ. ಸೇತುವೆಯ ಕೆಳಗೆ ಬರೀ ಗಾಳಿ. 2016ರ ಜನವರಿ 8ರ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗ, ತೊಟ್ಟಿಲು ದಾಟಲು ಹೊರಟಿತ್ತು. ಎವರ್ಟ್ ಪ್ರಾಮ್ ಅನ್ನುವ ಸರಕು ಹಡಗು ಬಂದು ಗುದ್ದಿತು. ತೊಟ್ಟಿಲಿನಲ್ಲಿದ್ದದ್ದು ಇಬ್ಬರೇ. ನಡೆಸುವವರು ಮತ್ತು ಒಬ್ಬ ಪ್ರಯಾಣಿಕ. ಇಬ್ಬರಿಗೂ ಗಾಯವಾಯಿತು.

ಆಗ ನನಗೆ ಆ ಖಾಲಿ ಜಾಗದಲ್ಲಿ ನೋಡುವಂಥದ್ದು ಏನೂ ಕಂಡಿರಲಿಲ್ಲ. ಈಗ ಅದೇ ಜಾಸ್ತಿ ನೆನಪಾಗುತ್ತದೆ. ನೂರು ವರ್ಷದಿಂದ ಹಡಗುಗಳಿಗೆ ದಾರಿ ಬಿಟ್ಟುಕೊಟ್ಟು ಓಡಾಡಿದ ತೊಟ್ಟಿಲು. ಹೊರಡಲೋ ಬೇಡವೋ ಅನ್ನುವ ಲೆಕ್ಕ ಒಂದು ಬೆಳಗ್ಗೆ ಹೊಂದಲಿಲ್ಲ. ನಡೆಸುವವರ ಕೈ ಅದೇ ಗುಂಡಿಯನ್ನು ಎಷ್ಟು ಸಾವಿರ ಸಲ ಒತ್ತಿರಬಹುದು. ನಿಲ್ಲಿಸುವುದಕ್ಕೆ ಹಡಗಿಗೆ ಬ್ರೇಕ್ ಇಲ್ಲ. ಎಂಜಿನ್ ಹಿಂದಕ್ಕೆ ತಿರುಗಿಸಿದರೂ ಅದು ತನ್ನ ಪಾಡಿಗೆ ಇನ್ನಷ್ಟು ದೂರ ಬರುತ್ತಲೇ ಇರುತ್ತದೆ. ಹೊಸ ತೊಟ್ಟಿಲು ಕಟ್ಟಿ ಮತ್ತೆ ಓಡಿಸಿದ್ದು 2022ರಲ್ಲಿ.

ಸೂಯೆಜ್‌ನವರೂ ಸುಮ್ಮನೆ ಕೂರಲಿಲ್ಲ. ದಕ್ಷಿಣದ ಸುಮಾರು 30 ಕಿಲೋಮೀಟರ್ ಭಾಗವನ್ನು ಇನ್ನೂ 40 ಮೀಟರ್ ಹೆಚ್ಚು ಅಗಲ ಮಾಡುತ್ತೇವೆ, ಜೋಡಿ ದಾರಿಯನ್ನು ಇನ್ನೂ 10 ಕಿಲೋಮೀಟರ್ ಉದ್ದ ಮಾಡುತ್ತೇವೆ ಅಂತ 2021ರಲ್ಲೇ ಹೇಳಿ ಕೆಲಸಕ್ಕೆ ಇಳಿದರು. 40 ಮೀಟರ್ ಅಂದರೆ ಎವರ್ ಗಿವನ್‌ನ ಅಗಲದಷ್ಟೂ ಅಲ್ಲ. ಅದರ ಅಗಲವೇ 59 ಮೀಟರ್ ಹತ್ತಿರ. ಆದರೂ ದಂಡೆ ಅಷ್ಟು ದೂರ ಸರಿದರೆ ನೀರಿಗೆ ಓಡಲು ಅಷ್ಟು ಜಾಗ ಸಿಗುತ್ತದೆ. ಬ್ರಿಡ್ಜ್ ಮೇಲಿನವರಿಗೆ ಅದು ದೊಡ್ಡದು.

ಮರುವರ್ಷ ಗೆಳೆಯನಿಂದ ಒಂದು ಮೆಸೇಜ್ ಬಂತು. "ನಾಳೆ ಬೆಳಗಿನ ಜಾವ ಸೂಯೆಜ್. ಹಡಗು ಹೊರಗೆ ಬರೋತನಕ ಫೋನ್ ನೋಡಲ್ಲ." ಹುಷಾರಾಗಿರು ಅಂತ ಬರೆದೆ. ಅಳಿಸಿದೆ. ಅವನಿಗೆ ಅದನ್ನು ನಾನು ಹೇಳಬೇಕಾ? ಸರಿ ಅಂತ ಮಾತ್ರ ಕಳಿಸಿದೆ. ಆಮೇಲೆ ಫೋನ್‌ನಲ್ಲಿ ಹವಾಮಾನ ತೆರೆದು ಸೂಯೆಜ್ ಅಂತ ಟೈಪ್ ಮಾಡಿದೆ. ಬಿಸಿಲೆಷ್ಟು, ಮೋಡ ಇದೆಯಾ ಅಂತ ನೋಡಲಿಲ್ಲ. ಗಾಳಿಯನ್ನು ಹುಡುಕಿದೆ. ಉತ್ತರದಿಂದ ಬೀಸುತ್ತಿತ್ತು. ಹಡಗಿನ ಮೂತಿಗೆ ನೇರ, ಪಕ್ಕಕ್ಕಲ್ಲ. ರಾತ್ರಿ ಎದ್ದು ಇನ್ನೊಂದು ಸಲ ನೋಡಿದೆ.